ನೀರ್ಗಂಟಿ ಗಿಡ್ಡಪ್ಪನ ಜಾಗ

ನಗಬೇಡ ಜವರಮ್ಮ... ನಗೋ ವಿಷ್ಯ ಅಲ್ಲ ಇದು! ಹನ್ನೊಂದು ಗಂಟೆಗೆ ತರೀಕೆರೆಯಿಂದ ಸಾಹೇಬ್ರು ಬತ್ತಾರೆ. ಕೆರೆ ಪುನಶ್ಚೇತನ ಸಮಿತಿ ಅಂದ್ರೆ ಊರಿನ ಎಲ್ಲಾ ಜನ, ಎಲ್ಲಾ ಧರ್ಮದವ್ರೂ ಒಪ್ಪಿರ್ಬೇಕಂತೆ. ದೇವಸ್ಥಾನದ ಕಡೆಯಿಂದ ನನ್ ಸಹಿ ಆಗೈತೆ, ಮಸೀದಿಯವ್ರದ್ದೂ ಆಗೈತೆ. ನಿಮ್ಮ ಬುದ್ಧ ವಿಹಾರದ್ದು ಒಂದೇ ಬಾಕಿ. ಅಧ್ಯಕ್ಷೆ ನೀನು. ಇಲ್ಲಿ, ಈ ಗೆರೆ ಮೇಲೆ... ಅಷ್ಟೇ.

ಯಾಕಂಗೆ ನೋಡ್ತೀಯ? ಮೊದ್ಲೇ ಯಾಕ್ ಕರೀಲಿಲ್ಲ ಅಂತಾನಾ? ಕರ್ದಿದ್ವಲ್ಲಮ್ಮ! ದೇವಸ್ಥಾನದ ಪ್ರಾಂಗಣದಲ್ಲೇ ಸಭೆ ಇತ್ತು... ಹೂಂ, ಗೊತ್ತು, ನೀವು ಒಳಗೆ ಬರಲ್ಲ ಅಂತ. ಬರ್ಬೇಡಿ ಅಂತ ಈಗ ಯಾರೂ ಹೇಳಲ್ಲ... ಸರಿ ಬಿಡು, ತಪ್ಪಾಯ್ತು ಅಂತ್ಲೇ ಇಟ್ಕೋ. ಈಗ ಈ ಈರಣ್ಣ ನಿನ್ ಬಾಗ್ಲಿಗೆ ಬಂದಿಲ್ವಾ?

ಒಂದ್ ಲೋಟ ನೀರ್ ಕೊಡು. ಕುಡೀತೀನಿ ಕಣಮ್ಮ, ನಿನ್ ಮನೇಲೂ ಕುಡೀತೀನಿ... ಏಳಲ್ವಾ? ಹೋಗ್ಲಿ ಬಿಡು.

ನಿನ್ ಗಂಡ ಗಿಡ್ಡಪ್ಪ ಇದ್ದಿದ್ರೆ ಇಷ್ಟೊತ್ಗೆ ಓಡ್ಬಂದು ಸಹಿ ಹಾಕಿರೋನು. ಮೂವತ್ತು ವರ್ಷ ಆ ಕೆರೆಗೆ ನೀರ್ಗಂಟಿ ಅವ್ನು. ತೂಬಿನ ಮೇಲೆ ನಿಂತು, ಯಾರ ಗದ್ದೆಗೆ ಎಷ್ಟೊತ್ತು ನೀರು ಅಂತ ಹೇಳಿದ್ರೆ ನಮ್ಮಪ್ಪನೂ ಎದುರಾಡ್ತಿರ್ಲಿಲ್ಲ. ನಾನೂ ಅವ್ನೂ ಅಲ್ಲೇ ಈಜು ಕಲ್ತಿದ್ದು! ಈಗ್ಲೂ ಆ ತೂಬಿನ ಹತ್ರ ಹೋದ್ರೆ ಅವ್ನೇ ನೆನಪಾಗ್ತಾನೆ, ಸುಳ್ಳಲ್ಲ.

ಸಹಿ ಬೀಳದೇ ಹೋದ್ರೆ ಈ ಕೆಲ್ಸ ಕಡೂರು ಕಡೆ ಯಾವ್ದೋ ಕೆರೆಗೆ ಹೋಯ್ತದೆ. ನಮ್ ಕೆರೆ ಹೂಳು ತುಂಬಿ ತಟ್ಟೆ ಆಗೈತೆ. ನಿಮ್ ಕೇರಿ ಬೋರ್‌ವೆಲ್ಲೂ ಬತ್ತೋಗೈತೆ. ಯಾರ ಮೇಲಮ್ಮ ಈ ಹಟ?

ಏನು... ಯಾಕ್ ಆ ಸಾಲಿನ ಮೇಲೆ ಬೆರಳಿಟ್ಟೆ? 'ಹೂಳು ವಿಲೇವಾರಿ'... ಅದಾ? ಅದಿನ್ನೂ ತೀರ್ಮಾನ ಆಗಿಲ್ಲ. ಎಂಜಿನಿಯರ್ ಹೇಳ್ತಾರೆ. ರೈತ್ರು ಹೊಲಕ್ಕೆ ಹೊಡ್ಕೋತಾರೆ, ಮಿಕ್ಕಿದ್ದು ಎಲ್ಲೋ ಒಂದ್ ಕಡೆ ಖರಾಬು ಜಾಗದಲ್ಲಿ... ಅಯ್ಯೋ, ಬೆರಳು ತೆಗಿ, ಹಾಳೆ ಕರ‍್ರಗಾಯ್ತು! ಹೋಗು, ಕೈ ತೊಳ್ಕೊಂಡ್ ಬಾ...

ಇದು... ಇದು ಹಿತ್ಲು ಮಣ್ಣಲ್ಲ, ಕೆರೆ ಹೂಳು. ಮೊಣಕೈವರೆಗೂ ಮೆತ್ಕೊಂಡೈತೆ...

ಹೋಗಿದ್ಯಾ? ಬೆಳಿಗ್ಗೆ ಹೋಗಿದ್ಯಾ ಅಲ್ಲಿಗೆ? ಬರಿಗೈಲಿ ಬಗೆದ್ಯಾ?

ಜವರಮ್ಮ... ಕೇಳಿಲ್ಲಿ. ಸಹಿಗೂ ಕಾಯ್ದೆ ನಿನ್ನೆನೇ ಹೂಳು ತುಂಬ್ಕೊಂಡು ಟ್ರ್ಯಾಕ್ಟರ್ ಬಂದ್ಬಿಟ್ವು. ಸುರಿಯೋಕೆ ಜಾಗ ಎಲ್ಲಿ ಅಂದ್ರು. ನಾನೇ... ಹೂಂ, ನಾನೇ ತೋರ್ಸಿದ್ದು. ನೀವು ಬೌದ್ಧರಾದ್ರಲ್ಲ? ಹಿರಿಯರ ಹಬ್ಬ ಬಿಟ್ರಿ, ಎಡೆ ಇಡೋದು ಬಿಟ್ರಿ. ಪೂಜೆನೇ ಬಿಟ್ಟವ್ರಿಗೆ ನಿಮ್ ಕೇರಿ ಸ್ಮಶಾನದಲ್ಲಿ ಇನ್ನೇನೈತೆ ಅಂದ್ಕೊಂಡೆ. ದೇವ್ರಾಣೆಗೂ ಹಂಗೇ ಅಂದ್ಕೊಂಡೆ! ಸಹಿ ಆದ್ಮೇಲೆ ಹೇಳಣ ಅಂತ...

ಬೈಯಿ ನನ್ನ. ಎಲ್ಲಿಗೆ ಹೊಂಟೆ? ಏನದು... ಗುದ್ದಲಿ ಯಾಕ್ ನನ್ ಮುಂದೆ ಇಡ್ತೀಯಾ?

ಕೊಡು. ಸಾಹೇಬ್ರು ಬಂದ್ರೆ ಕಾಯ್ಲಿ.

ಆದ್ರೆ ನೀನೂ ಬರ್ಬೇಕು... ಎಲ್ಲಿ ಹೂಳು ತೆಗೀಬೇಕು ಅಂತ ತೋರಿಸ್ಬೇಕು. ಗಿಡ್ಡಪ್ಪನ್ನ ಎಲ್ಲಿ ಮಲಗ್ಸಿದ್ರಿ ಅಂತ ನಂಗೆ ಗೊತ್ತಿಲ್ಲ ಕಣಮ್ಮ. ಅವತ್ತು ನಾನು ಮಣ್ಣಿಗೆ ಬಂದಿರ್ಲಿಲ್ಲ.