ಒಂದು ತಂಬಿಗೆ ನೀರು

ಗುಡಗೇರಿ ಸ್ಟೇಶನ್ನಿನಲ್ಲಿ ಹುಬ್ಬಳ್ಳಿ ಗಾಡಿ ಕಾಯುತ್ತ ಕೂತಿದ್ದ ಅನ್ನಪೂರ್ಣಾಬಾಯಿಗೆ ಬೇಡವೆಂದರೂ ಪಕ್ಕದ ಬೆಂಚಿನ ಮಾತು ಕಿವಿಗೆ ಬಿತ್ತು. ಹರೆಯದವನ ಬೆರಳುಗಳಲ್ಲಿ ಕಂದು ಕಲೆ, ಅಂಗೈಯಲ್ಲಿ ತಾಮ್ರದ ಗೆರೆಗಳಿದ್ದ ಪುಟ್ಟ ಹಲಗೆ. ಜೊತೆಗಿದ್ದ ಸೋದರಮಾವ ನೀರಿನ ತಂಬಿಗೆ ಹಿಡಿದಿದ್ದ.

“ಇದನ್ಯಾಕ ತಂದೀಲೇ, ಗುಡದಪ್ಪ?”

“ಈ ಸರ್ಕೀಟ್ ನಾನ ಮಾಡಿದ್ದು, ಮಾಮಾ. ಅವ್ವ ಮಲಗಿದಲ್ಲೇ ಬಟನ್ ಒತ್ತಿದ್ರ ನನ್ನ ಖೋಲ್ಯಾಗ ಗಂಟಿ ಬಡೀತಿತ್ತು. ಮೊದಮೊದಲ ಅಗದಿ ಛಲೋ ಬಡೀತು.”

“ಆಕೀ ಹೊರಸಿಗೆ ಎತ್ತಿನ ಗಂಟಿ ಕಟ್ಟಿತ್ತಲ್ಲ?”

“ಇದು ಬಂತಲ್ಲಾ ಅಂತ ಅದನ್ನ ಬಿಚ್ಚಿಟ್ಟೆ.”

“ಮತ್ತ ಅವತ್ತ ರಾತ್ರಿ ಯಾಕ ಬಡೀಲಿಲ್ಲ?”

“ಮಾಡೂ ಮುಂದ, ಬ್ಯಾಡಾದ ತಾಮ್ರ ಕರಗಿ ಹೋಗ್ಲಿ ಅಂತ ಇದನ್ನ ಕೆಮಿಕಲ್‌ನಾಗ ಅದ್ದಿದ್ದೆ. ಆಮ್ಯಾಲ ನೀರ ಸುರುದ ಸುರುದ ತೊಳೀಬೇಕು. ಉಳದ ಕೆಮಿಕಲ್ ಬೇಕಾದ ಗೆರಿನೂ ತಿಂತು. ನೋಡ್ರಿ, ಇಲ್ಲೇ ಕೂದಲೆಳಿಯಷ್ಟ ಹರದೈತಿ.”

“ಗೊತ್ತಿದ್ದೂ ಯಾಕ ತೊಳೀಲಿಲ್ಲ?”

“ತೊಳಿಯಾಕ ಹತ್ತಿದ್ದೆ. ಕೆರಿಯಿಂದ ಹೊತ್ತ ತಂದ ಕುಡಿಯೂ ನೀರು ಹಾಳ ಮಾಡಬ್ಯಾಡ, ಸಾಕ ಬಿಡು ಅಂದಾಕಿ ಅವ್ವನ.”

ಮಾವ ಅಳಿಯನ ಹೆಗಲ ಮೇಲೆ ಕೈಯಿಟ್ಟ.

“ಅಕ್ಕ ನಿದ್ದ್ಯಾಗ ಹೋದ್ಲು ಅಂತ ತಿಳ್ಕೊ.”

“ಅವ್ವನ ಬೆರಳ ಬಟನ್ ಮ್ಯಾಲ ಇತ್ತು, ಮಾಮಾ.”

ದೂರದಲ್ಲಿ ಗಾಡಿ ಕೂಗಿತು.

“ಏಳು. ಒಂದ ಗುಟುಕ ನೀರ ಕುಡಿ.”

ಗುಡದಪ್ಪ ತಂಬಿಗೆ ಇಸಿದುಕೊಂಡ. ಕುಡಿಯಲಿಲ್ಲ. ಹಲಗೆಯ ಮೇಲೆ ಸುರಿದು, ಬೆರಳಿನಿಂದ ಉಜ್ಜಿ, ಮತ್ತೆ ಸುರಿದು, ತಂಬಿಗೆ ಬರಿದಾಗುವವರೆಗೂ ತೊಳೆದ. ಮಾವ ಸಾಕೆನ್ನಲಿಲ್ಲ. ಗಾಡಿ ಬಂದು ನಿಂತಾಗ ಬರಿದಾದ ತಂಬಿಗೆ ಎತ್ತಿಕೊಂಡು, ಅಳಿಯನ ರಟ್ಟೆ ಹಿಡಿದು, ಮುಂದಿನ ಡಬ್ಬಿಯತ್ತ ನಡೆಸಿಕೊಂಡು ಹೋದ.