ನಯೇಲಿ ಬಾಯಿ ಬಿಡಲಿಲ್ಲವಂತೆ

ಹಲೋ… ಯಾರು ಮಾತಾಡೋದು? ಎಲ್ವಿಯಾ, ನೀನಾ? ಹಾಂ, ಹೇಳು ಮಗಳೇ. ಸ್ಟ್ರಾಬೆರಿ ಹೊಲದಲ್ಲೇ ಇದ್ದೀನಿ, ಊಟದ ಬಿಡುವು. ತೊರ್ತಿಯಾ ರೊಟ್ಟಿ ಬಾಯಲ್ಲಿದೆ, ನೀನು ಹೇಳು…

ಯಾರಿಗೆ ಮಾತು ಹಿಂದೆ? ನಮ್ಮ ನಯೇಲಿಗಾ? ನನ್ನ ಮೊಮ್ಮಗಳಿಗಾ? ಇನ್ನೂ ಮೂರು ತುಂಬಿಲ್ಲ, ಇಲ್ಲಿಗೆ ಬಂದರೆ ಮಾವನ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಮಣ್ಣಿನ ತಮಾಲೆ ಕಡುಬು ಮಾಡಿ ಮಾರ್ತಾಳೆ. ಇನ್ನೊಂದು ಕೊಡು ಅಂದ್ರೆ ಹಿಟ್ಟು ಮುಗೀತು, ನಾಳೆ ಬನ್ನಿ ಅಂತಾಳೆ. ಅವಳಿಗೆ ಮಾತು ಹಿಂದಂತೆ…

ಯಾರಂದಿದ್ದು? ಬಾಲವಾಡಿ ಟೀಚರಮ್ಮನಾ? ಏನು ಕೇಳಿದಳಂತೆ?… ಚೆಂಡು ತೋರಿಸಿ ಇದೇನು ಅಂದಳಾ? ಯಾಕೆ, ಅವಳಿಗೆ ಗೊತ್ತಿರಲಿಲ್ವಾ? ಗೊತ್ತಿರೋದನ್ನ ಮಗು ಹತ್ರ ಕೇಳೋದು ಯಾವ ಮನೆ ಪದ್ಧತಿ? ನಾವು ಚೆಂಡು ತಗೊಂಡು ಬಾ ಅಂತೀವಿ, ತರ್ತಾಳೆ. ಅಲ್ವಾ…

ಹಾಂ. ನಿನ್ನ ಮುಖ ನೋಡ್ತಾ ಕೂತ್ಳಾ? ನೋಡದೆ ಇನ್ನೇನು ಮಾಡ್ತಾಳೆ? ದೊಡ್ಡವರು ಕೂತಿರೋವಾಗ ಅಮ್ಮ ಮಾತಾಡು ಅನ್ನೋವರೆಗೂ ಬಾಯಿ ತೆಗೀಬಾರದು ಅಂತ ಕಲಿಸಿದ್ದು ನೀನೇ ಅಲ್ವಾ? ನೀನು ಮಾತಾಡು ಅಂದ್ಯಾ?…

ಅನ್ನಲಿಲ್ಲ. ಟೀಚರಮ್ಮನ ಮಾತಿನ ನಡುವೆ ಬಾಯಿ ಹಾಕೋದು ಮರ್ಯಾದೆ ಅಲ್ಲ ಅಂತ ನೀನೂ ಸುಮ್ಮನಿದ್ದೆ. ಭೇಷ್. ಅವಳು ನಿನ್ನ ಅಪ್ಪಣೆ ಕಾದಳು, ನೀನು ಟೀಚರಮ್ಮನ ಅಪ್ಪಣೆ ಕಾದೆ. ಗರ ಬಡಿದವರ ಹಾಗೆ ಕೂತ ಇಬ್ಬರನ್ನೂ ನೋಡಿ ಟೀಚರಮ್ಮ ಇನ್ನೇನು ತಿಳ್ಕೋತಾಳೆ…

ಏನಂದೆ? ಇನ್ನೊಂದ್ಸಲ ಹೇಳು… ಮನೇಲಿ ನಮ್ಮ ಸ್ಪ್ಯಾನಿಶ್ ನಿಲ್ಲಿಸಿಬಿಟ್ಯಾ? ಬರೀ ಇಂಗ್ಲಿಷಾ? ಯಾರ ಬುದ್ಧಿ ಇದು?… ನಿನ್ನ ನಾದಿನಿದಾ? ಎರಡು ಭಾಷೆ ಆದ್ರೆ ಮಗು ತಲೆ ಕೆಡುತ್ತಂತಾ? ಅವಳಿಗೆ ಒಂದೂ ಸರಿಯಾಗಿ ಬರಲ್ಲ, ಅವಳ ತಲೆ ಹೇಗೆ ಕೆಟ್ಟಿತು ಕೇಳು…

ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ್ಯಲ್ಲೇ. ನಿನ್ನ ಇಂಗ್ಲಿಷು ಪಗಾರ ಯಾವಾಗ ಅಂತ ಕೇಳೋಕಷ್ಟೇ ಸಾಕು. ಅದರಲ್ಲಿ ಮಗುನ ಮುದ್ದು ಮಾಡ್ತೀಯಾ? ಕಥೆ ಹೇಳ್ತೀಯಾ? ನೆಟ್ಟಗೆ ಬೈಯೋಕಾದ್ರೂ ಬರುತ್ತಾ? ನನಗಂತೂ ಅಷ್ಟೂ ಬರಲ್ಲ. ನಾಳೆ ನನ್ನ ಮೊಮ್ಮಗಳ ಜೊತೆ ನಾನು ಕೈಸನ್ನೆ ಮಾಡಬೇಕಾ…

ಅಳಬೇಡ. ಅತ್ತು ಏನು ಬಂತು? ಎಲ್ಲಿದ್ದಾಳೆ? ಫೋನು ಕೊಡು ಅವಳಿಗೆ…

ನಯೇಲಿ, ಬಂಗಾರ, ಅಜ್ಜಿ ಕಣೇ. ಇವತ್ತು ತಮಾಲೆ ಇದೆಯಾ?… ಕೇಳಿಸ್ತಾ? ಅಜ್ಜಿಗೆ ಒಂದು ಕೊಡಲ್ವಾ?…

ಯಾರನ್ನೇ ಕೇಳ್ತಿದ್ದೀಯಾ? ಏನಂತ?…

ಎಲ್ವಿಯಾ, ಕೇಳಿಸ್ಕೊಂಡ್ಯಾ? ಅಜ್ಜಿ ಹತ್ರ ನಮ್ಮ ಭಾಷೇಲಿ ಮಾತಾಡಲಾ ಅಂತ ನಿನ್ನ ಕೇಳ್ತಿದ್ದಾಳೆ. ಪಿಸುಗುಟ್ಟಿ ಕೇಳ್ತಿದ್ದಾಳೆ, ಕದ್ದು ತಿನ್ನೋರ ಹಾಗೆ.

ಟೀಚರಮ್ಮನ ಮುಂದೆ ಸುಮ್ಮನಿದ್ದಿದ್ದು ಸಾಕು. ಮಗು ನಿನ್ನ ಮುಖ ನೋಡ್ತಿರುತ್ತೆ. ಹೂಂ, ಮಾತಾಡು ಅನ್ನು ಅವಳಿಗೆ… ಎಲ್ವಿಯಾ?… ಏನಂದೆ, ಕೇಳಿಸ್ಲಿಲ್ಲ… ಹೂಂ ಅಂದ್ಯಾ?… ಹಲೋ?… ಫೋನು ಕಟ್ಟಾಯ್ತಾ?… ಹಲೋ…