ನೀರು ಕೇಳಿದ ಕಂಬಳಿ

ಆ ದೀಪ ಸ್ವಲ್ಪ ಸಣ್ಣ ಮಾಡಿ. ಕಟ್ಟುಕತೆ ಅಂದ್ಕೋಬೇಡಿ... ನಮ್ಮ ಚಿಕ್ಕಮ್ಮನ ಮಗಳು ತೂದಾಳಿಗೇ ಆದದ್ದು.

ನಮ್ಮ ತಿಜ್ನಿತ್ ಊರಿನ ಮ್ಯೂಸಿಯಮ್ಮಿನಲ್ಲಿ ಅವಳಿಗೆ ಕೆಲಸ. ಕಂಬಳಿಗಳ ಪ್ರದರ್ಶನದ ನಡುವೆ ಒಂದು ಮಗ್ಗ ಹೂಡಿದ್ದರು. ಬಂದವರು ಸುಮ್ಮನೆ ನೋಡಿ ಹೋಗಬಾರದು, ಕೂತು ಒಂದೊಂದು ಎಳೆ ನೇಯಬೇಕು. ಹೇಳಿಕೊಡೋಳು ತೂದಾ. ಶಾಲೆ ಮಕ್ಕಳು, ಪರದೇಶದವರು, ಹೊಸದಾಗಿ ಮದುವೆಯಾದವರು... ಯಾರ್ಯಾರ ಕೈಯೋ ಬಿದ್ದು ಕಂಬಳಿ ಬೆಳೆಯಿತು. ಅವಳ ಪುಟ್ಟ ಮಗಳು ತಿಲೆಲ್ಲಿಯೂ ಒಂದು ಕೆಂಪು ಎಳೆ ಹಾಕಿದ್ದಳು.

ನಮ್ಮಲ್ಲಿ ಮಗ್ಗದ ಮೇಲಿರೋ ಕಂಬಳಿಗೆ ಜೀವ ಇದೆ. ಕತ್ತರಿಸಿ ಇಳಿಸುವ ಮುಂಚೆ, ಸಾಯುವವರ ಬಾಯಿಗೆ ಬಿಡ್ತೀವಲ್ಲ, ಹಾಗೆ ನೀರು ಚಿಮುಕಿಸಲೇಬೇಕು. ಪ್ರದರ್ಶನ ಮುಗಿದ ಸಂಜೆ ತೂದಾ ಚೊಂಬು ಹಿಡಿದು ಬಂದಳು. ಮೇಲಧಿಕಾರಿ ರೇಗಿದ.

“ಬಣ್ಣ ಬಿಟ್ಟರೆ ನಿಮ್ಮಪ್ಪ ಬಂದು ಬಳೀತಾನಾ? ಸುಮ್ನೆ ಕತ್ತರಿಸಮ್ಮ!”

ಅವನ ಬಾಯಿಗೆ ಮಣ್ಣು ಬೀಳ! ಕೆಲಸ ಹೋದೀತು ಅಂತ ಹೆದರಿ ಇವಳು ಕತ್ತರಿಸಿಬಿಟ್ಟಳು. ಕಂಬಳಿ ಒಣಗಿದ್ದ ಹಾಗೇ ಗಾಜಿನ ಪೆಟ್ಟಿಗೆ ಸೇರಿತು. ಮಗ್ಗ ಬಿಚ್ಚಿ ಒಯ್ದರು.

ಮನೆಗೆ ಹೊರಟಾಗ ಕತ್ತಲಾಗಿತ್ತು. ಹಳೇ ಬಾವಿ ದಾಟುತ್ತಿದ್ದಾಳೆ... ಠಕ್... ಠಕ್... ಠಕ್. ಎಳೆ ಕೂರಿಸಲು ಬಡಿಯೋ ಕಬ್ಬಿಣದ ಬಾಚಣಿಗೆಯ ಸದ್ದು. ಬಾವಿಯೊಳಗಿಂದ! ಎದ್ದೆನೋ ಬಿದ್ದೆನೋ ಅಂತ ಓಡಿದಳು.

ಮನೆಯಲ್ಲಿ ತಿಲೆಲ್ಲಿ ಅಜ್ಜಿಯ ತೊಡೆ ಮೇಲೆ ಬಾಯಿ ತೆರೆದು ಮಲಗಿದ್ದಳು. ತುಟಿ ಒಡೆದಿತ್ತು.

“ಅಮ್ಮಾ... ನೀರು...”

ಲೋಟ ಹಿಡಿದರೆ ಒಂದು ಹನಿಯೂ ಒಳಗೆ ಇಳಿಯಲಿಲ್ಲ, ಎಲ್ಲ ಕಟವಾಯಲ್ಲಿ ಸುರಿದುಹೋಯಿತು. ಡಾಕ್ಟರು ಬಂದು ಗಂಟಲು ನೋಡಿದರು, ಏನೂ ಇಲ್ಲ ಅಂದರು. ಉಸಿರು ಮಾತ್ರ ಸಣ್ಣಗಾಗುತ್ತಾ ಹೋಯಿತು. ಮಗುವಿನ ಬೆರಳು ಹೊದಿಕೆ ಮೇಲೆ ಇಲ್ಲದ ನೂಲನ್ನು ನೇಯುತ್ತಲೇ ಇತ್ತು... ಅದನ್ನು ನೋಡಿದ್ದೇ ತೂದಾಳಿಗೆ ನೀರು ಕಾಣದ ಆ ಕಂಬಳಿ ನೆನಪಾಯಿತು. ಬರಿಗಾಲಲ್ಲೇ ಮ್ಯೂಸಿಯಮ್ಮಿಗೆ ಓಡಿದಳು.

ಕಾವಲಿನ ಲಹ್ಸೆನ್ ಚಿಕ್ಕಪ್ಪ ಕಿಂಡಿ ತೆರೆದು ಪಿಸುಗುಟ್ಟಿದ, “ತಲೆ ಕೆಟ್ಟಿದೆಯೇನೇ ನಿಂಗೆ?”

“ನಿನ್ನ ಕಾಲಿಗೆ ಬೀಳ್ತೀನಿ. ನನ್ನ ಮಗು ಹೋಗ್ತಾ ಇದೆ. ಒಂದು ಚೊಂಬು ನೀರು... ಅಷ್ಟೇ.”

“ನನ್ನ ಕೆಲಸ ಹೋಗುತ್ತಲ್ಲೇ...”

“ನಾನೂ ಹಂಗೇ ಅಂದ್ಕೊಂಡೆ, ಚಿಕ್ಕಪ್ಪ!”

ಅವನು ಬೀಗದ ಕೈ ತಂದ. ಒಳಗೆ, ಮಗ್ಗ ಇದ್ದ ಬರಿದು ಜಾಗದಲ್ಲಿ... ಠಕ್... ಠಕ್. ಅವನಿಗೂ ಕೇಳಿಸಿತು. ಗಾಜು ತೆಗೆದಳು. ಅಳುತ್ತಾ, ತಪ್ಪಾಯ್ತು ತಪ್ಪಾಯ್ತು ಅನ್ನುತ್ತಾ ನೀರು ಚಿಮುಕಿಸಿದಳು. ಬಡಿತ ನಿಂತಿತು. ಆಮೇಲೆ... ಗುಟುಕ್. ಯಾರೋ ನುಂಗಿದ ಸದ್ದು.

ಮನೆಗೆ ಬಂದರೆ ತಿಲೆಲ್ಲಿ ಎದ್ದು ಕೂತು ಗಟಗಟ ಕುಡಿಯುತ್ತಿದ್ದಳು.

ಕಂಬಳಿ ಬೆಳಿಗ್ಗೆ ಹೊತ್ತಿಗೆ ಒಣಗಿತು. ಬಣ್ಣ ಒಂದಿಷ್ಟೂ ಬಿಡಲಿಲ್ಲ. ಈಗಲೂ ಅಲ್ಲೇ ಇದೆ, ಸುಳ್ಳು ಅನ್ನೋರು ಹೋಗಿ ನೋಡಿ. ನಾನೇ ನೋಡಿದ್ದೀನಿ. ಆ ಕೆಂಪು ಎಳೆಯ ಎದುರಿಗೆ ಮಾತ್ರ, ಮಗು ಬಾಯಿ ಇಟ್ಟು ಉಸಿರು ಬಿಟ್ಟಷ್ಟಗಲ, ಗಾಜಿಗೆ ಮಂಜು ಕಟ್ಟಿರುತ್ತೆ. ಸೆರಗಿನಲ್ಲಿ ಒರೆಸಿದೆ. ಹೋಗಲಿಲ್ಲ. ಅದು ಒಳಗಡೆ ಇದೆ.